ಕಾಕಾನ ಗಾಜಿನ ಬಾಟಲಿ

ನಮ್ಮ ಹಾನಗಲ್ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡೋದಿಲ್ಲ. ಆ ದಿನಗಳಲ್ಲಿ ಕಾಕಾ ಟ್ರ್ಯಾಕ್ಟರ್ ಚಾಲೂ ಮಾಡುವ ಮೊದಲು ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ, ಒಂದಿಷ್ಟು ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಿಟ್ಟು ಬೆಳಕಿಗೆ ಹಿಡೀತಿದ್ದ. ತಳದಲ್ಲಿ ಗೆರೆ ಕಂಡರೆ, "ನೀರು ಕುಡದೈತಿ ನೋಡ್ ತಮ್ಮಾ" ಅಂತಿದ್ದ. ಬ್ಯಾರಲ್ಲಿನ ತಳದ ಒಂದು ಗೇಣು ಡೀಸೆಲ್ ಮುಟ್ಟುತ್ತಲೇ ಇರಲಿಲ್ಲ. ಬಿ.ಇ. ಓದುತ್ತಿದ್ದ ನನಗೆ ಅದು ಒಂಥರಾ ಮಡಿ ಅನಿಸಿತ್ತು.

1897ರಲ್ಲಿ ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಇಂಧನ ಊದಲು ದೊಡ್ಡ ಗಾಳಿ ಕಂಪ್ರೆಸರೇ ಬೇಕಿತ್ತು. ಅದನ್ನು ಹೊತ್ತು ಯಾವ ಕಾರು ಓಡೀತು? 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪ್ ತಯಾರಿಕೆ ಶುರು ಮಾಡಿತು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರು ಬಂತು. ನಮ್ಮಲ್ಲಿ 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಈ ಪಂಪುಗಳನ್ನು ಮಾಡಿತು. 2008ರಲ್ಲಿ ಅದರ ಹೆಸರೂ ಬಾಷ್ ಆಯ್ತು. ಆಡುಗೋಡಿಯ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಮೈಕೋ ಸಿಗ್ನಲ್ ಗೊತ್ತಿರುತ್ತೆ.

ಈ ಪಂಪಿನೊಳಗೆ ಇಂಧನ ಒತ್ತುವ ಭಾಗಗಳಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಿಡ್ಡು. ನೀರು ಬಂದರೆ ಜಿಡ್ಡು ಹೋಗಿ ಸವೆತ, ಆಮೇಲೆ ತುಕ್ಕು. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತೆ. ಅದಕ್ಕೇ ತಿರುಪು ಅಡಿಯಲ್ಲಿರೋದು. ಮಳೆ ನೀರೇ ಬೀಳಬೇಕೆಂದಿಲ್ಲ. ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವ ರಾತ್ರಿ ತಣ್ಣಗಾಗಿ ಹನಿಯಾದರೂ ಸಾಕು.

1997ರಲ್ಲಿ ಹಾವೇರಿ ಜಿಲ್ಲೆಯಾಯ್ತು. ಅದೇ ವರ್ಷ ಇಟಲಿಯ ಆಲ್ಫಾ ರೋಮಿಯೋ 156ರಲ್ಲಿ ಕಾಮನ್ ರೈಲ್ ಬಂತು. (ಎರಡಕ್ಕೂ ಸಂಬಂಧವಿಲ್ಲ, ನನಗೆ ವರ್ಷ ನೆನಪಿಡೋಕೆ ಅನುಕೂಲ ಅಷ್ಟೇ.) ಕಾರಿನ ಟೈರಿನಲ್ಲಿರೋದು ಎರಡು ಬಾರ್ ಚಿಲ್ಲರೆ ಒತ್ತಡ, ಆ ರೈಲಿನಲ್ಲಿ 1350 ಬಾರ್. ಬಿಸಿ ನಾಝಲ್ಲಿನ ತುದಿಯಲ್ಲಿ ನೀರು ಆವಿಯಾದರೆ ತುದಿಯೇ ಹಾರಬಹುದು. ಹಳೇ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು, ಹೊಸದು ಬಿಲ್ ಕೊಟ್ಟು ನಿಲ್ಲುತ್ತೆ.

ನನಗೂ ಕೊಟ್ಟಿತು. ಅವ್ವನನ್ನ ಹುಬ್ಬಳ್ಳಿ ಆಸ್ಪತ್ರೆಗೆ ಕರೆದೊಯ್ಯುವಾಗ ಶಿಗ್ಗಾಂವಿ ದಾಟಿ ಕಾರು ನಿಂತಿತು. ಡ್ಯಾಶ್‌ಬೋರ್ಡಿನ ಹಳದಿ ದೀಪ ಎರಡು ದಿನದಿಂದ ಉರೀತಿತ್ತು. ಸರ್ವೀಸಿಗೆ ಬಿಟ್ಟಾಗ ನೋಡಿದ್ರಾಯ್ತು ಅಂದುಕೊಂಡಿದ್ದೆ. ಫಿಲ್ಟರಿನ ತಳದ ಸೆನ್ಸರ್‌ನ ಕೆಲಸ ಬಲು ಸರಳ: ನೀರಿನಲ್ಲಿ ಕರೆಂಟ್ ಹರಿಯುತ್ತೆ, ಡೀಸೆಲ್ಲಿನಲ್ಲಿ ಹರಿಯೋದಿಲ್ಲ. ಅದು ತನ್ನ ಕೆಲಸ ಮಾಡಿತ್ತು. ದಿನವಿಡೀ ಅಲರ್ಟ್ ನೋಡಿ ಸಂಬಳ ಎಣಿಸುವ ನಾನು ಮಾಡಿರಲಿಲ್ಲ. ಅವ್ವ ಬಿಸಿಲಲ್ಲಿ ಒಂದು ತಾಸು ಕೂತಳು, ಕೊನೆಗೆ ಸವಣೂರಿನ ಗೂಡ್ಸ್ ಗಾಡಿಯವರೊಬ್ಬರು ಕರೆದೊಯ್ದರು. ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕಾಯ್ತು.

ಈಗ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಯೇ ನಿಲ್ಲಿಸ್ತೀನಿ. ಬಂಕಿನ ನೆಲದಡಿಯ ಟ್ಯಾಂಕಿಗೆ ಇಳಿಸುವ ಅಳತೆ ಕೋಲಿಗೆ ಒಂದು ಪೇಸ್ಟ್ ಹಚ್ಚುತ್ತಾರೆ, ನೀರು ತಾಗಿದಷ್ಟು ಭಾಗ ಬಣ್ಣ ಬದಲಾಗುತ್ತೆ. ಜೋರು ಮಳೆ ಬಿದ್ದ ಮರುದಿನ ಅದನ್ನ ನೋಡಿದ್ರಾ ಅಂತ ಕೇಳೋಕೆ ನಾಚಿಕೆ ಬಿಟ್ಟಿದ್ದೀನಿ.

ಇತ್ತೀಚೆಗೆ ಕಾಕಾ ಹಿರೇಕೆರೂರಿನ ಮದುವೆಗೆ ನನ್ನ ಕಾರಲ್ಲಿ ಬಂದ. ಬಾನೆಟ್ ಎತ್ತಿಸಿ, ಪ್ಲಾಸ್ಟಿಕ್ ಮುಚ್ಚಳಗಳನ್ನೆಲ್ಲ ನೋಡಿ, "ತಿರುಪು ಎಲ್ಲೈತೋ?" ಅಂದ. ನಾನು ಮ್ಯಾನ್ಯುಯಲ್ ತೆಗೆಯಬೇಕಾಯ್ತು.