ಗುಮ್ಮಟ ಕಂಡವರು ಕೌಂಟರ್ ಕಾಣಲಿಲ್ಲ

ಮುಂಬೈ ಜನರಲ್ ಪೋಸ್ಟ್ ಆಫೀಸಿನ ಚಿತ್ರವನ್ನೂ ವಿಜಯಪುರದ (ಹಳೆಯ ಹೆಸರು ಬಿಜಾಪುರ) ಗೋಳಗುಮ್ಮಟದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, 'ನೋಡಿ, ನಮ್ಮದನ್ನೇ ನಕಲು ಹೊಡೆದಿದ್ದಾರೆ' ಎಂದು ಹಂಚುವ ಚಟ ಈಚೆಗೆ ಹಬ್ಬಿದೆ. ನನ್ನ ಫೋನಿಗೇ ನಾಲ್ಕೈದು ಸಲ ಬಂದಿದೆ. ಒಮ್ಮೆ ಕಳಿಸಿದವರು ವಾಸ್ತುಶಿಲ್ಪ ಕಲಿಸುವ ಮೇಷ್ಟರು! ಹೆಮ್ಮೆಪಟ್ಟುಕೊಳ್ಳಲಿ, ತಕರಾರಿಲ್ಲ. ಆದರೆ ಹಳೆಯ ಅಂಚೆ ಕಚೇರಿಗಳ ಗೋಡೆಗಳನ್ನು ಮೂವತ್ತು ವರ್ಷ ಅಳೆದುಕೊಂಡು ತಿರುಗಿದ ನನಗೆ, ಈ ಕಟ್ಟಡಗಳ ಬಗ್ಗೆ ನಡೆದ ಬರವಣಿಗೆಯೆಲ್ಲ ಕೊನೆಗೆ ಇಷ್ಟಕ್ಕೇ ಬಂದು ನಿಂತಿತೇ ಅನ್ನಿಸುತ್ತದೆ.

ಮೊದಲ ಕಾಲದ ಕಥೆ ಬೇಗ ಮುಗಿಯುತ್ತದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲೇ ಅಂಚೆ ವ್ಯವಸ್ಥೆ ಕಟ್ಟಿದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಇನ್ನೂರು ವರ್ಷ ಓಡಿದ ಈ ಅಂಚೆಯ ಚಾವಡಿಗಳ ಬಗ್ಗೆ ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಒಂದು ಪುಟವನ್ನೂ ನಾನು ಕಂಡಿಲ್ಲ. ಬ್ರಿಟಿಷರ ಕಟ್ಟಡಗಳಿಗೆ ಬಂದರೆ, ಕಲ್ಕತ್ತೆಯ ಜನರಲ್ ಪೋಸ್ಟ್ ಆಫೀಸಿಗೆ ವಾಸ್ತುಶಿಲ್ಪಿ ವಾಲ್ಟರ್ ಗ್ರಾನ್‌ವಿಲ್ 1864ರಿಂದ 1868ರವರೆಗೆ ಹಳೇ ಫೋರ್ಟ್ ವಿಲಿಯಂ ಇದ್ದ ಜಾಗದ ಮೇಲೆ ಬಿಳಿ ಗುಮ್ಮಟ, ಯುರೋಪಿನ ಕಂಬಸಾಲುಗಳನ್ನು ನಿಲ್ಲಿಸಿದ. ಮದರಾಸಿನಲ್ಲಿ ರಾಬರ್ಟ್ ಚಿಸಮ್ 1884ರಲ್ಲಿ ಮುಗಿಸಿದ ಕೆಂಪು ಅಂಚೆ ಕಟ್ಟಡ ಕಡಲ ಕಡೆಗೆ ಮುಖ ಮಾಡಿ ಈಗಲೂ ನಿಂತಿದೆ. ಕಲ್ಕತ್ತೆಯದು ಆಳುವವರ ಕಟ್ಟಡ. ಚಿಸಮ್‌ನದರಲ್ಲಿ ಈ ನೆಲದ ಕಸುಬುದಾರರ ಕೈ ಕಾಣುತ್ತದೆ. ಅದಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ನಮ್ಮ ಬಿಜಾಪುರಕ್ಕೆ ಬಂದರೆ ವಿಚಿತ್ರ ಬೇರೆಯೇ ಇದೆ. ಅಲ್ಲಿ ಟಪಾಲು ಕಚೇರಿಗಾಗಿ ಯಾರೂ ಗುಮ್ಮಟ ಕಟ್ಟಲಿಲ್ಲ, ಇದ್ದ ಗುಮ್ಮಟದೊಳಗೇ ಟಪಾಲು ಹೊಕ್ಕಿತು. ಆದಿಲ್‌ಶಾಹಿ ಕಾಲದ ಒಂದು ಮಸೀದಿಯಲ್ಲಿ ಬ್ರಿಟಿಷರ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ ನಡೆಯುತ್ತಿದ್ದವು. ಎರಡನ್ನೂ ತೆರವು ಮಾಡಿಸಿದ್ದನ್ನು ವೈಸರಾಯ್ ಲಾರ್ಡ್ ಕರ್ಜನ್ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯ ಸಂದರ್ಭದ ಭಾಷಣದಲ್ಲಿ ತನ್ನ ಸಾಧನೆಯೆಂದು ಹೇಳಿಕೊಂಡ. ಅದೇ 1904ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ವಾಸ್ತುಶಿಲ್ಪಿ ಜಾನ್ ಬೆಗ್‌ನ ಜನರಲ್ ಪೋಸ್ಟ್ ಆಫೀಸಿನ ಕೆಲಸ ಶುರುವಾಯಿತು. ಇತ್ತ ಬಿಜಾಪುರದ ಕಮಾನಿನ ಕೆಳಗಿನಿಂದ ಟಪಾಲು ಎದ್ದುಹೋಯಿತು, ಅತ್ತ ಮುಂಬೈಯ ಟಪಾಲಿನ ತಲೆಯ ಮೇಲೆ ಬಿಜಾಪುರದ ಗುಮ್ಮಟ ಏರಿತು. ಇವೆರಡನ್ನೂ ಒಟ್ಟಿಗೆ ಇಟ್ಟು ಬರೆದ ಒಂದು ಲೇಖನವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಬೆಗ್‌ನ ಕಾಲಕ್ಕೆ ಮಾದರಿಗಳಿಗೆ ಬರವಿರಲಿಲ್ಲ. ವಾಸ್ತುಶಿಲ್ಪದ ಚರಿತ್ರೆಕಾರ ಫರ್ಗುಸನ್ ತನ್ನ 1876ರ ಗ್ರಂಥದಲ್ಲಿ ಬಿಜಾಪುರದ ಗುಮ್ಮಟ ಕಟ್ಟಿದವರ ಕೌಶಲವನ್ನು ಮನಸಾರೆ ಹೊಗಳಿದ್ದ. ಸ್ವಿಂಟನ್ ಜೇಕಬ್ 1890ರಿಂದ ಜಯಪುರದ ಕೆತ್ತನೆಗಳ ನಕ್ಷೆಗಳನ್ನು ಸಂಪುಟಗಳಾಗಿ ಹೊರತಂದ. ಕಮಾನು ಬೇಕೇ, ಜಾಲರಿ ಬೇಕೇ, ಪುಟ ತಿರುವಿ ಆರಿಸಿಕೊಳ್ಳಬಹುದಿತ್ತು. ಈ ಆರಿಸಿಕೊಳ್ಳುವ ಬಗೆಯೇ ಇಂಡೋ-ಸಾರಸೆನಿಕ್ ಎಂಬ ಹೆಸರು ಹೊತ್ತಿತು. ಬೆಗ್ ಅದನ್ನು ಅಂಗಡಿಯ ಸರಕಿನಂತೆ ಬಳಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪುವುದಿಲ್ಲ.

ನಕಲು ಎನ್ನುವವರು ಲೆಕ್ಕವನ್ನಾದರೂ ನೋಡಬೇಕು. ಗೋಳಗುಮ್ಮಟದ ಹೊರ ವ್ಯಾಸ 144 ಅಡಿ, ಮುಂಬೈಯದು ಸುಮಾರು 65. ಬಿಜಾಪುರದಲ್ಲಿ ಸುಮಾರು 135 ಅಡಿ ಚೌಕದ ಒಂದೇ ಕೋಣೆಯ ಮೇಲೆ, ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುತ್ತವೆ. ನಡುವೆ ಒಂದು ಕಂಬವೂ ಇಲ್ಲ. ಅದು ಮುಹಮ್ಮದ್ ಆದಿಲ್‌ಶಾಹನ ಸಮಾಧಿ, ಅಲ್ಲಿ ಯಾರಿಗೂ ಅವಸರವಿಲ್ಲ. ಮುಂಬೈಯ ಗುಮ್ಮಟದ ಕೆಳಗಿರುವುದು ಸಾರ್ವಜನಿಕರ ಕೌಂಟರ್ ಹಜಾರ. ಬಾಗಿಲಲ್ಲಿ ನಿಂತವನಿಗೆ ಸುತ್ತಲಿನ ಕಿಟಕಿಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮನಿಯಾರ್ಡರ್ ಎಲ್ಲಿ, ರಿಜಿಸ್ಟರ್ ಎಲ್ಲಿ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಮೇಲಿನಿಂದ ಇಳಿಯುವ ಬೆಳಕು ಫಾರಂ ತುಂಬುವವನ ಕೈಗೆ ಬರುತ್ತದೆ. ಬೆಗ್ ಬಿಜಾಪುರದಿಂದ ತಂದದ್ದು ರೂಪ, ಕೊಟ್ಟದ್ದು ಬೇರೆ ಕೆಲಸ. ಕಪ್ಪುಕಲ್ಲು, ಹಳದಿಕಲ್ಲುಗಳ ಆ ಕಟ್ಟಡ 1913ರಲ್ಲಿ ಮುಗಿಯಿತು. ಬೆಗ್‌ನ ಜೊತೆಗಿದ್ದ ಜಾರ್ಜ್ ವಿಟೆಟ್ ಮುಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಮೇಲೂ ಬಿಜಾಪುರದ ಛಾಯೆಯ ಗುಮ್ಮಟ ಕೂರಿಸಿದ. ಚೆಂದವೇ, ಆದರೆ ಅಂಚೆ ಕಚೇರಿಯ ಗುಮ್ಮಟದಷ್ಟು ದುಡಿಮೆ ಅದಕ್ಕಿಲ್ಲ.

ಆಮೇಲೆ ಬಹುಕಾಲ ಈ ವಿಷಯ ಯಾರಿಗೂ ಬೇಡವಾಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಾಹೇಬರ ಕಟ್ಟಡಗಳನ್ನು ಮೆಚ್ಚುವುದು ಮುಜುಗರದ ಸಂಗತಿ. ಕಾಂಕ್ರೀಟಿನ ಪೆಟ್ಟಿಗೆಗಳೇ ಪ್ರಗತಿ. 1984ರಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಗೆ ಇಂಟ್ಯಾಕ್ ಸಂಸ್ಥೆ ಹುಟ್ಟಿತು. ಮರುವರ್ಷ ಸಾಹೇಬರ ಕಟ್ಟಡಗಳ ಬಗ್ಗೆ ಫಿಲಿಪ್ ಡೇವಿಸ್‌ನ ಪುಸ್ತಕ, 1989ರಲ್ಲಿ ಥಾಮಸ್ ಮೆಟ್‌ಕಾಫ್‌ನದು ಬಂತು. ಸಾಮ್ರಾಜ್ಯ ತನ್ನನ್ನು ಈ ದೇಶದ ಹಿಂದಿನ ದೊರೆಗಳ ವಾರಸುದಾರನೆಂದು ತೋರಿಸಿಕೊಳ್ಳಲು ಗುಮ್ಮಟ ಹೊತ್ತಿತು ಎಂಬ ಮೆಟ್‌ಕಾಫ್‌ನ ವಾದವನ್ನು ನಮ್ಮ ತಲೆಮಾರು ಒಂದೇ ಗುಟುಕಿಗೆ ನುಂಗಿತು. ವಾದ ಸುಳ್ಳಲ್ಲ. ಆದರೆ ಅದರ ಬೆನ್ನಿಗೆ ಬಂದ ಸೆಮಿನಾರು ಪ್ರಬಂಧಗಳಲ್ಲಿ ಮುಂಭಾಗ ಮಾತ್ರ ಉಳಿಯಿತು, ಹಿತ್ತಲು ಮಾಯವಾಯಿತು. ಅಂಚೆ ಕಚೇರಿಯ ಜೀವ ಇರುವುದೋ ಹಿತ್ತಲಲ್ಲೇ.

ನಾವು ಕೆಲವರು ಬೇರೆ ದಾರಿ ಹಿಡಿದೆವು. ನಮ್ಮನ್ನು ತಮಾಷೆಗೆ 'ಟೇಪು ಪಾರ್ಟಿ' ಎನ್ನುತ್ತಿದ್ದರು. ನೂರಡಿ ಟೇಪು, ಒಂದು ಪ್ಲಂಬ್‌ಬಾಬು, ಚೌಕಳಿ ಹಾಳೆ, ಇಷ್ಟೇ ಬಂಡವಾಳ. ಮಲೆನಾಡಿನ ಒಂದು ತಾಲೂಕು ಊರಿನಲ್ಲಿ, ಮಂಗಳೂರು ಹೆಂಚಿನ ಅಂಚೆ ಕಚೇರಿ ಅಳೆಯಲು ಮೂರು ದಿನ ಹಿಡಿಯಿತು. ಕಚೇರಿ ಹೊಸ ಬಾಡಿಗೆ ಕಟ್ಟಡಕ್ಕೆ ಹೋಗಿ ಆಗಲೇ ವರ್ಷವಾಗಿತ್ತು. ತೇಗದ ಕೌಂಟರ್ ಹಲಗೆ ಎರಡು ಕಡೆ ತಟ್ಟೆಯಂತೆ ಸವೆದಿತ್ತು: ಒಂದು ಚಿಲ್ಲರೆ ಎಳೆದುಕೊಂಡು ಆದ ಕುಳಿ, ಇನ್ನೊಂದು ಮೊಣಕೈಯದು. ಠಸ್ಸೆ ಹೊಡೆಯುವ ಮೇಜಿನ ಕಾಲಿದ್ದಲ್ಲಿ ಶಹಾಬಾದ್ ಕಲ್ಲು ಸೀಳಿತ್ತು. ಪಕ್ಕದಲ್ಲಿ ಚೀಲಗಳಿಗೆ ಮುದ್ರೆಯೊತ್ತುವಾಗ ತೊಟ್ಟಿಕ್ಕಿದ ಅರಗು ಕೆಂಪು ಚುಕ್ಕಿಗಳಾಗಿ ಹೆಪ್ಪುಗಟ್ಟಿತ್ತು. ಟಪಾಲು ವಿಂಗಡಿಸುವ ಕೋಣೆಯ ಕಿಟಕಿಗಳೆಲ್ಲ ಉತ್ತರಕ್ಕೆ, ಅದೂ ತಲೆಮಟ್ಟಕ್ಕಿಂತ ಮೇಲೆ. ವಿಳಾಸ ಓದಲು ದಿನವಿಡೀ ಒಂದೇ ಹದದ ಬೆಳಕು ಬೇಕು, ಗಾಳಿಗೆ ಕಾಗದ ಹಾರಬಾರದು. ಜಗಲಿಯ ಕಟ್ಟೆ ಮಾತ್ರ ಎರಡು ಎತ್ತರದಲ್ಲಿತ್ತು. ಎತ್ತರದ್ದು ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ, ಎದುರಿನ ಹೋಟೆಲಿನ ಅಜ್ಜ ಅಲ್ಲಿಂದಲೇ ಕೂಗಿ ಹೇಳಿದರು: 'ಚೀಲ ಬಸ್ಸಿಗೆ ಹಾಕೋಕೆ ಕಣಪ್ಪ, ಬಗ್ಗೋದು ಬೇಡ ಅಂತ.' ಈ ಒಂದು ಮಾತು ಯಾವ ಗ್ರಂಥದಲ್ಲೂ ನಮಗೆ ಸಿಕ್ಕಿರಲಿಲ್ಲ.

ಈಗ ಚರ್ಚೆಯೆಲ್ಲ ಮರುಬಳಕೆಯ ಕಡೆಗೆ ಹೊರಳಿದೆ. ಸಿಂಗಪುರದಲ್ಲಿ 1928ರ ಜನರಲ್ ಪೋಸ್ಟ್ ಆಫೀಸು ಈಗ ಐಷಾರಾಮಿ ಫುಲರ್ಟನ್ ಹೋಟೆಲು. ಕಂಬಸಾಲು ಉಳಿಯಿತು, ಸಾಲಿನಲ್ಲಿ ನಿಲ್ಲುವವರು ಬದಲಾದರು. ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಹಳೇ ಅಂಚೆ ಕಟ್ಟಡದಲ್ಲಿ 'ಸಂದೇಶ' ವಸ್ತುಸಂಗ್ರಹಾಲಯ ಬಂದಿರುವುದು ಇದಕ್ಕಿಂತ ವಾಸಿ, ಕಟ್ಟಡ ತನ್ನ ಕಸುಬನ್ನಾದರೂ ನೆನಪಿಟ್ಟುಕೊಂಡಿದೆ. ಇಂಥ ಅದೃಷ್ಟ ದೊಡ್ಡ ಊರುಗಳ ದೊಡ್ಡ ಕಟ್ಟಡಗಳಿಗೆ ಮಾತ್ರ. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಯವು. ಅವುಗಳಲ್ಲಿ ಬಹುಪಾಲು ಶಾಖಾ ಕಚೇರಿಗಳಿಗೆ ಸ್ವಂತ ಕಟ್ಟಡವೆಂಬುದೇ ಇಲ್ಲ. ಬ್ರಾಂಚ್ ಪೋಸ್ಟ್‌ಮಾಸ್ಟರರ ಮನೆಯ ಜಗಲಿ ಅಥವಾ ಮುಂದಿನ ಕೋಣೆ, ಒಂದು ಮೇಜು, ಗೋಡೆಗೆ ನೇತುಹಾಕಿದ ಕೆಂಪು ಡಬ್ಬ. ಕೋಣೆ ಹೊಂದಿಸಿಕೊಡುವ ಹೊಣೆಯೂ ಅವರದೇ. ಅವರು ಬದಲಾದರೆ ಅಂಚೆ ಕಚೇರಿಯೂ ಎದ್ದು ಇನ್ನೊಂದು ಜಗಲಿಗೆ ಹೋಗುತ್ತದೆ. ಈ ಜಗಲಿಗಳ ಒಂದು ನಕ್ಷೆಯೂ ನಮ್ಮ ಕ್ಷೇತ್ರದ ಯಾವ ಸಂಪುಟದಲ್ಲೂ ಇಲ್ಲ. ಟೇಪು ಪಾರ್ಟಿಯವರಾದ ನಾವೂ ಅಲ್ಲಿಗೆ ಹೋಗಲಿಲ್ಲ.

ನಿಮ್ಮೂರಿನ ಹಳೇ ಅಂಚೆ ಕಚೇರಿ ಜಾಗ ಬದಲಿಸುತ್ತದೆಂಬ ಸುದ್ದಿ ಕಿವಿಗೆ ಬಿದ್ದರೆ, ಸಾಮಾನು ಗಾಡಿಗೇರುವ ಮುನ್ನ ಪೋಸ್ಟ್‌ಮಾಸ್ಟರರ ಅನುಮತಿ ಕೇಳಿ ಒಂದು ಟೇಪು ಹಿಡಿದು ಹೋಗಿ. ಕೌಂಟರಿನ ಎತ್ತರ, ಕಿಟಕಿಯ ದಿಕ್ಕು, ಜಗಲಿಯ ಅಗಲ ಬರೆದುಕೊಳ್ಳಿ. ಮುಂಭಾಗದ ಫೋಟೋ ಕೊನೆಗೆ ತೆಗೆದರಾಯಿತು.