ನಕ್ಷೆಗಳಲ್ಲಿ ಬೆಂಗಳೂರು: ಕೋಟೆ, ಕೆರೆ ಮತ್ತು ಎಲ್ಲೆಗೆರೆ

ನಗರ ಚರಿತ್ರೆಯ ರಚನೆಯಲ್ಲಿ ಶಾಸನ, ಕೈಫಿಯತ್ತು, ಆಡಳಿತ ವರದಿ ಹಾಗೂ ಪ್ರವಾಸ ಕಥನಗಳಿಗೆ ದೊರೆತ ಮನ್ನಣೆ ನಕ್ಷೆಗಳಿಗೆ ದೊರೆತಿಲ್ಲ. ಅವುಗಳನ್ನು ಗ್ರಂಥದ ಕೊನೆಯಲ್ಲಿ ಮಡಚಿಟ್ಟ ಅನುಬಂಧಗಳೆಂದು ಭಾವಿಸುವುದೇ ರೂಢಿಯಾಗಿದೆ. ಆದರೆ ನಕ್ಷೆಯು ಸ್ಥಳವನ್ನು ಗುರುತಿಸುವುದರ ಜೊತೆಗೆ ಅದನ್ನು ಬರೆಯಿಸಿದವರ ಉದ್ದೇಶವನ್ನೂ ದಾಖಲಿಸುತ್ತದೆ. ಈ ದೃಷ್ಟಿಯಿಂದ ಬೆಂಗಳೂರಿನ ನಕ್ಷೆಗಳನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ.

1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪರಂಪರೆಯು ಹೇಳುವ ಈ ಊರಿನ ಹೆಸರಾಂತ ಹಳೆಯ ನಕ್ಷೆಯೊಂದು ಯುದ್ಧದ ಫಲವಾಗಿದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ವಶಪಡಿಸಿಕೊಂಡಿತು. ಆ ಮುತ್ತಿಗೆಯನ್ನು ತೋರಿಸುವ, ಕ್ಲಾಡ್ ಮಾರ್ಟಿನ್ ಸಿದ್ಧಪಡಿಸಿದ ನಕ್ಷೆಯು ರಾಬರ್ಟ್ ಹೋಮನ 1794ರ ಚಿತ್ರಗ್ರಂಥದಲ್ಲಿ ಪ್ರಕಟವಾಯಿತು. ದಕ್ಷಿಣದಲ್ಲಿ ಅಂಡಾಕಾರದ ಕೋಟೆ, ಉತ್ತರದಲ್ಲಿ ಪೇಟೆ, ಸುತ್ತಲೂ ಕೆರೆಗಳು. ಫಿರಂಗಿಗಳ ನೆಲೆಯನ್ನು ಎಚ್ಚರದಿಂದ ಗುರುತಿಸಬೇಕಾಗಿದ್ದ ಸೇನಾ ದೃಷ್ಟಿಗೆ ನೇಕಾರರ, ಬಣಜಿಗರ ಕೇರಿಗಳು ಮುಖ್ಯವಾಗಿರಲಿಲ್ಲ. ಅವುಗಳ ನೆನಪು ಉಳಿದಿರುವುದು ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ ಮುಂತಾದ ಸ್ಥಳನಾಮಗಳಲ್ಲಿ. ಆದ್ದರಿಂದ ನಕ್ಷೆಯನ್ನೂ ಸ್ಥಳನಾಮವನ್ನೂ ಜೊತೆಯಲ್ಲಿಟ್ಟು ಓದುವುದು ಅಗತ್ಯ.

1809ರಲ್ಲಿ ದಂಡು ಪ್ರದೇಶವು ಸ್ಥಾಪನೆಯಾದ ನಂತರ ನಕ್ಷೆಗಳಲ್ಲಿ ಎರಡು ಊರುಗಳು ಕಾಣಿಸಿಕೊಳ್ಳುತ್ತವೆ. ಒಂದೆಡೆ ಒತ್ತೊತ್ತಾದ ಪೇಟೆಯ ಬೀದಿಗಳು. ಇನ್ನೊಂದೆಡೆ ಕವಾಯತು ಮೈದಾನ, ವಿಶಾಲವಾದ ಬಂಗಲೆಗಳ ಆವರಣಗಳು. ಇವೆರಡರ ನಡುವೆ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವು ಹರಡಿಕೊಂಡಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದರೂ ದಂಡು ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ನಕ್ಷೆಯ ಆ ಗೆರೆಯು ನಿವಾಸಿಗಳ ಪಾಲಿಗೆ ಬೇರೆ ಆಡಳಿತ, ಬೇರೆ ಪುರಸಭೆ ಎಂಬ ವಾಸ್ತವವಾಗಿತ್ತು. 1947ರಲ್ಲಿ ಆ ಪ್ರದೇಶವು ಸಂಸ್ಥಾನಕ್ಕೆ ಹಿಂದಿರುಗಿತು. 1949ರಲ್ಲಿ ಎರಡೂ ಪುರಸಭೆಗಳು ಒಂದೇ ನಗರಸಭೆಯಲ್ಲಿ ಸೇರಿದವು.

1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬಂದ ರೈಲುಮಾರ್ಗ ಹಾಗೂ 1898ರ ಪ್ಲೇಗು ನಕ್ಷೆಯನ್ನು ಮತ್ತೊಮ್ಮೆ ಬದಲಿಸಿದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ನೇರವಾದ ಅಡ್ಡರಸ್ತೆಗಳನ್ನು ಪೇಟೆಯ ಇಕ್ಕಟ್ಟಾದ ಗಲ್ಲಿಗಳೊಡನೆ ಹೋಲಿಸಿದರೆ, ಗಾಳಿ, ಬೆಳಕು, ಚರಂಡಿಗಳ ಬಗ್ಗೆ ಮೂಡಿದ ಹೊಸ ಕಾಳಜಿಯು ಸ್ಪಷ್ಟವಾಗುತ್ತದೆ.

ಆದರೆ ಅತ್ಯಂತ ಗಂಭೀರವಾದ ಸಾಕ್ಷ್ಯ ದೊರೆಯುವುದು ಕೆರೆಗಳ ವಿಷಯದಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಕುಡಿಯುವ ನೀರಿನ ಆಸರೆಗಳಾಗಿ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆಯ ನೆಲದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವೂ ತಲೆಯೆತ್ತಿದವು. ಸಂಪಂಗಿಯ ಒಂದು ಸಣ್ಣ ಕೊಳವು ಮಾತ್ರ ಕರಗದ ಆಚರಣೆಯ ನಂಟಿನಿಂದ ಉಳಿದುಕೊಂಡಿದೆ. ಅಧಿಕೃತ ನಕ್ಷೆಗಳು ಕೈಬಿಟ್ಟುದನ್ನು ತಿಗಳ ಸಮುದಾಯದ ಆಚರಣೆಯು ಕಾಪಾಡಿದ ನಿದರ್ಶನವಿದು.

ಕೆರೆಯು ನಕ್ಷೆಯಿಂದ ಅಳಿದರೂ ನೆಲದ ಇಳಿಜಾರು ಅಳಿಯುವುದಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಹರಿಯುವಂತೆ ಹಿಂದಿನವರು ಏರ್ಪಡಿಸಿದ್ದರು. ಆ ಹಾದಿಯಲ್ಲಿ ಕಟ್ಟಡಗಳೆದ್ದಾಗ ಮಳೆನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗವು ಜಲಾವೃತವಾದಾಗ ರಾಜಕಾಲುವೆಗಳ ಒತ್ತುವರಿಯ ಪ್ರಶ್ನೆ ಮುನ್ನೆಲೆಗೆ ಬಂದುದು ಈ ಕಾರಣದಿಂದಲೇ. ಕೆರೆ, ಕಾಲುವೆ, ಖರಾಬು ಭೂಮಿಗಳನ್ನು ಸರ್ವೆ ನಂಬರುಗಳೊಡನೆ ಗುರುತಿಸುವ ಕಂದಾಯ ಇಲಾಖೆಯ ಗ್ರಾಮನಕ್ಷೆಗಳು ಇಂತಹ ವಿವಾದಗಳಲ್ಲಿ ಮಹತ್ವದ ದಾಖಲೆಗಳಾಗಿವೆ.

ಆದ್ದರಿಂದ ಸೇನೆಯ ನಕ್ಷೆ, ಪುರಸಭೆಯ ನಕ್ಷೆ, ಗ್ರಾಮನಕ್ಷೆಗಳನ್ನು ಪರಸ್ಪರ ತಾಳೆ ನೋಡುವುದು, ಶಿಥಿಲವಾಗುತ್ತಿರುವ ಹಾಳೆಗಳನ್ನು ಸಂರಕ್ಷಿಸಿ ಸಂಶೋಧಕರಿಗೆ ಒದಗಿಸುವುದು ತುರ್ತಾಗಿ ಆಗಬೇಕಾದ ಕಾರ್ಯ. ಹಳೆಯ ನಕ್ಷೆಯೊಂದು ನಾಶವಾದರೆ ನಗರವು ತನ್ನ ನೆಲದ ಬಗ್ಗೆ ಹೇಳಬಲ್ಲ ಸಾಕ್ಷಿಯೊಂದನ್ನು ಕಳೆದುಕೊಂಡಂತೆ.