ಪುಕ್ಕಟೆ ನಕ್ಷೆಯ ಬೆನ್ನು ಹತ್ತಿ

ನಿಲಾಯ್ ಊರಿಗೆ ಸಮುದ್ರವಿಲ್ಲ. ಇರುವುದು ರತ್ನಗಂಬಳಿಗಳ ಸಗಟು ಮಳಿಗೆಗಳು, ಒಂದೆರಡು ವಿಶ್ವವಿದ್ಯಾಲಯಗಳು, ಮತ್ತೆ ಪಕ್ಕದ ನಿಲ್ದಾಣಕ್ಕೆ ಇಳಿಯಲು ನಮ್ಮ ತಲೆಯ ಮೇಲೆಯೇ ಸಾಗುವ ವಿಮಾನಗಳು. ಅಲೆ ನೋಡಬೇಕೆಂದರೆ ಪೋರ್ಟ್ ಡಿಕ್ಸನ್‌ವರೆಗೆ ಕಾರು ಓಡಿಸಬೇಕು. ಇಂಥ ಊರಿನಲ್ಲಿ ಕೂತು ನಾವು ಮೂವರು ಗೆಳೆಯರು ಹಾಯಿದೋಣಿ ಕಟ್ಟಲು ಹೊರಟೆವು ಎಂದರೆ ನೀವು ನಗುವುದು ಸಹಜ. ಮನೆಗಳಲ್ಲಿ ಆಗಲೇ ನಕ್ಕು ಮುಗಿದಿದೆ.

ಬಯಕೆ ದೊಡ್ಡದೇನಲ್ಲ. ಇಪ್ಪತ್ತೈದು ಅಡಿಯ ಆಸುಪಾಸಿನ ದೋಣಿ, ಇಬ್ಬರು ಮಲಗುವಷ್ಟು ಜಾಗ, ಚಹಾ ಕಾಯಿಸಲು ಒಂದು ಸ್ಟವ್, ಮಲಕ್ಕಾ ಜಲಸಂಧಿಯ ದಡ ಹಿಡಿದು ಪಾಂಗ್‌ಕೋರ್ ದ್ವೀಪದವರೆಗೆ ಹೋಗಿ ಬರುವ ತಾಕತ್ತು. ಮೂವರೂ ಸಾಫ್ಟ್‌ವೇರಿನವರು, ಪುಕ್ಕಟೆ ಸಿಗುವುದಕ್ಕೆ ಕಾಸು ಕೊಡುವುದು ನಮ್ಮ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಮೊದಲ ಕೆಲಸ, ಪುಕ್ಕಟೆ ನಕ್ಷೆ ಹುಡುಕುವುದು.

ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲೊಬ್ಬರ ಅಜ್ಜ ಗಂಗೊಳ್ಳಿಯ ಕಡೆ ದೋಣಿ ಕಟ್ಟುತ್ತಿದ್ದ ಆಚಾರಿ. ತಂದೆ ತೀರಿಕೊಂಡ ವರ್ಷ ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಕೋಲು ಸಿಕ್ಕಿತು. ಕೈ ಹಿಡಿದು ಹಿಡಿದು ನುಣುಪಾದ ಮರ, ಒಂದು ಬದಿಯಲ್ಲಿ ಉಳಿಯಿಂದ ಕೊರೆದ ಹನ್ನೊಂದು ಗೀಟುಗಳು. ಗೀಟುಗಳ ನಡುವಿನ ಅಂತರ ಸಮವಾಗಿಲ್ಲ. ಅಜ್ಜನ ಅಳತೆಕೋಲು ಎಂಬುದು ಎಲ್ಲರಿಗೂ ಗೊತ್ತು. ಏನನ್ನು ಅಳೆಯುವ ಕೋಲು ಎಂಬುದು ಯಾರಿಗೂ ಗೊತ್ತಿಲ್ಲ. ಅದು ಈಗ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿ ಬಂದು ನಿಲಾಯ್‌ನ ಮನೆಯೊಂದರ ಗೋಡೆಗೆ ಒರಗಿದೆ.

ಪುಕ್ಕಟೆ ನಕ್ಷೆಗಳ ದಾರಿ ಹಿಡಿದರೆ ಮೊದಲು ಎದುರಾಗುವವರು ಜೋಶುವಾ ಸ್ಲೋಕಮ್. ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ. ಉಗಿಹಡಗುಗಳ ಕಾಲ ಬಂದು ಹಾಯಿಹಡಗಿನ ಕ್ಯಾಪ್ಟನ್‌ಗಳಿಗೆ ಕೆಲಸವಿಲ್ಲದಾದಾಗ, ಮ್ಯಾಸಚೂಸೆಟ್ಸಿನ ಫೇರ್‌ಹೇವನ್‌ನಲ್ಲಿ ಹೊಲವೊಂದರಲ್ಲಿ ನಿಂತಿದ್ದ ಮುದಿ ದೋಣಿಯೊಂದು ಇವರ ಪಾಲಿಗೆ ಬಂತು. ಹೆಸರು 'ಸ್ಪ್ರೇ'. ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸದು ಹಾಕುತ್ತಾ ಹೋದರು. 13 ತಿಂಗಳ ದುಡಿಮೆ, 553 ಡಾಲರ್ 62 ಸೆಂಟ್ ಖರ್ಚು. (ಲೆಕ್ಕ ಅವರದೇ. ಕೊನೆಯ ಎರಡು ಸೆಂಟನ್ನೂ ಬಿಟ್ಟಿಲ್ಲ ಮಾರಾಯ್ರೇ!) ಉದ್ದ 36 ಅಡಿ 9 ಅಂಗುಲ. 1895ರ ಏಪ್ರಿಲ್‌ನಲ್ಲಿ ಬೋಸ್ಟನ್ ಬಿಟ್ಟವರು 46 ಸಾವಿರ ಮೈಲಿ ಸುತ್ತಿ 1898ರ ಜೂನ್‌ನಲ್ಲಿ ನ್ಯೂಪೋರ್ಟ್ ಸೇರಿದರು. ಆಸ್ಟ್ರೇಲಿಯಾದ ತುದಿಯ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ಕೋಕೋಸ್ ದ್ವೀಪಗಳಿಗೆ 2700 ಮೈಲಿ. 23 ದಿನಗಳ ಆ ಹಾದಿಯಲ್ಲಿ ಸ್ಲೋಕಮ್ ಚುಕ್ಕಾಣಿಗೆ ಕೈ ಹಚ್ಚಿದ್ದು ಒಟ್ಟು ಮೂರು ಗಂಟೆಯಂತೆ. ಉಳಿದದ್ದು ದೋಣಿಯೇ ನೋಡಿಕೊಂಡಿತು. ಆ ಕೋಕೋಸ್ ದ್ವೀಪಗಳು ಆಗ ಪೆನಾಂಗ್, ಮಲಕ್ಕಾ, ಸಿಂಗಪುರಗಳ ಜೊತೆ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ ಆಡಳಿತಕ್ಕೆ ಸೇರಿದ್ದವು. ಹಾಗೆ ನೋಡಿದರೆ ಸ್ಪ್ರೇ ನಮ್ಮ ನೆರೆಮನೆಗೆ ಬಂದು ಹೋದ ದೋಣಿ.

1900ರಲ್ಲಿ ಪ್ರವಾಸದ ಪುಸ್ತಕ ಪ್ರಕಟಿಸಿದಾಗ ಸ್ಲೋಕಮ್ ಅದರ ಕೊನೆಯಲ್ಲಿ ಸ್ಪ್ರೇಯ ನಕ್ಷೆಯನ್ನೂ ಅಚ್ಚು ಹಾಕಿಸಿದರು. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾವೂ ಇಳಿಸಿಕೊಂಡೆವು. ಆದರೆ ಪುಸ್ತಕವನ್ನು ಓದುವಾಗ ಒಂದು ಸಂಗತಿ ತಡೆದು ನಿಲ್ಲಿಸಿತು. ದೋಣಿಯನ್ನು ಮತ್ತೆ ಕಟ್ಟುವಾಗ ಅವರ ಕೈಯಲ್ಲಿ ಈ ನಕ್ಷೆ ಇರಲೇ ಇಲ್ಲ. ಭೂಮಿ ಸುತ್ತಿ ಬಂದ ಮೇಲೆ ಬ್ರಿಜ್‌ಪೋರ್ಟ್ ಎಂಬಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಅಂಗುಲ ಅಂಗುಲ ಅಳೆಸಿ, ಮಾದರಿ ಮಾಡಿಸಿದರು. ದೋಣಿ ಮೊದಲು, ನಕ್ಷೆ ಆಮೇಲೆ. ಕೋಡ್ ಬರೆದು, ಓಡಿಸಿ, ಗಿರಾಕಿಗೆ ಒಪ್ಪಿಸಿದ ಮೇಲೆ ಡಾಕ್ಯುಮೆಂಟೇಷನ್ ಬರೆಯುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಓದಿಕೊಂಡು ಕಟ್ಟಬಹುದಾದ ದೋಣಿ ಬಂದದ್ದು ಅದರ ಮರುವರ್ಷ. ನ್ಯೂಯಾರ್ಕಿನ 'ದಿ ರಡರ್' ಎಂಬ ಪತ್ರಿಕೆಯ ಸಂಪಾದಕ ಥಾಮಸ್ ಫ್ಲೆಮಿಂಗ್ ಡೇ, ಹವ್ಯಾಸಿಗಳು ಮನೆಯ ಹಿತ್ತಲಲ್ಲಿ ಕಟ್ಟಿಕೊಳ್ಳಲೆಂದೇ 'ಸೀ ಬರ್ಡ್' ಎಂಬ 25 ಅಡಿ ಚಿಲ್ಲರೆಯ ದೋಣಿಯ ನಕ್ಷೆಯನ್ನು 1901ರಲ್ಲಿ ಪತ್ರಿಕೆಯಲ್ಲಿ ಹಾಕಿದರು. ತಳ ದುಂಡಗಿಲ್ಲ, ಎರಡು ಇಳಿಜಾರು ಹಲಗೆಗಳು ಕೂಡಿದಂತೆ ಮೂಲೆಯಾಗಿದೆ. ಬಡಗಿಯಲ್ಲದವನೂ ಹಲಗೆ ಬಗ್ಗಿಸಬಹುದು. ಇಷ್ಟು ಚಿಕ್ಕ ದೋಣಿ ಸಾಗರಕ್ಕಾದೀತೇ ಎಂದು ಮೂಗು ಮುರಿದವರ ಎದುರಿಗೆ 1911ರಲ್ಲಿ ಡೇ ತಾವೇ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಅದರಲ್ಲಿ ಅಟ್ಲಾಂಟಿಕ್ ದಾಟಿದರು. ಸಂಪಾದಕರೆಂದರೆ ಹೀಗಿರಬೇಕು! (ನಮ್ಮ ಈ ಪತ್ರಿಕೆಯ ಸಂಪಾದಕರು ಗಮನಿಸಬೇಕಾಗಿ ವಿನಂತಿ.)

ನಮ್ಮನ್ನು ನಿಜಕ್ಕೂ ಹಿಡಿದು ಕೂರಿಸಿದ್ದು ಹ್ಯಾರಿ ಪಿಜನ್ ಎಂಬುವರ ಕತೆ. ಸಮುದ್ರವೇ ಇಲ್ಲದ ಅಯೋವಾದಲ್ಲಿ ಹೊಲದ ನಡುವೆ ಬೆಳೆದ ಹುಡುಗ, ಮುಂದೆ ಛಾಯಾಗ್ರಾಹಕ. ಸೀ ಬರ್ಡ್‌ನ ಬಳಗದ್ದೇ ಒಂದು ದೊಡ್ಡ ನಕ್ಷೆ ಹಿಡಿದು ಲಾಸ್ ಏಂಜಲಿಸ್ ಬಂದರಿನ ದಂಡೆಯಲ್ಲಿ ಒಬ್ಬರೇ 34 ಅಡಿಯ 'ಐಲ್ಯಾಂಡರ್' ಕಟ್ಟಿದರು. 1921ರಲ್ಲಿ ಹೊರಟು 1925ರಲ್ಲಿ ಮರಳಿದರು. ಸ್ಲೋಕಮ್ ನಂತರ ಒಂಟಿಯಾಗಿ ಭೂಮಿ ಸುತ್ತಿದ ಎರಡನೆಯವರು. ಆಮೇಲೆ ಇನ್ನೊಮ್ಮೆಯೂ ಸುತ್ತಿದರು ಎನ್ನಿ. ಪತ್ರಿಕೆಯೊಂದು ಹಂಚಿದ ನಕ್ಷೆ, ನೌಕಾಯಾನದ ಮನೆತನವಿಲ್ಲದ ಒಬ್ಬ ಮನುಷ್ಯನನ್ನು ಅಲ್ಲಿಯವರೆಗೆ ಕೊಂಡೊಯ್ದಿತು. ಸಮುದ್ರವಿಲ್ಲದ ನಿಲಾಯ್‌ನಲ್ಲಿ ಕೂತವರಿಗೆ ಇದಕ್ಕಿಂತ ಧೈರ್ಯ ಬೇಕೆ? ಸೀ ಬರ್ಡ್ ನಕ್ಷೆಯೇ ಆಗಲಿ ಎಂದು ತೀರ್ಮಾನವಾಯಿತು.

ಇಲ್ಲಿ ಒಂದು ಮಾತು. ದೋಣಿಯ ನಕ್ಷೆ ಎಂದರೆ ಚಂದದ ಚಿತ್ರವಲ್ಲ, ಅದರ ಜೀವ ಇರುವುದು ಅಂಕಿಗಳ ಕೋಷ್ಟಕದಲ್ಲಿ. ಮೂತಿಯಿಂದ ಹಿಂಬದಿಯವರೆಗೆ ಇಷ್ಟಿಷ್ಟು ದೂರಕ್ಕೆ ಒಂದೊಂದು ಅಡ್ಡಕೊಯ್ತ. ಪ್ರತಿ ಕೊಯ್ತದಲ್ಲೂ ನಡುಗೆರೆಯಿಂದ ಅಗಲ ಎಷ್ಟು, ತಳದಿಂದ ಎತ್ತರ ಎಷ್ಟು. ಆ ಅಂಕಿಗಳನ್ನು ನೆಲದ ಮೇಲೆ ನಿಜ ಗಾತ್ರದಲ್ಲಿ ಗುರುತು ಹಾಕಿ, ಚುಕ್ಕೆಯಿಂದ ಚುಕ್ಕೆಗೆ ತೆಳ್ಳನೆಯ ಮರದ ಪಟ್ಟಿ ಬಗ್ಗಿಸಿ ಗೆರೆ ಎಳೆಯಬೇಕು. ಪಟ್ಟಿ ಎಲ್ಲಾದರೂ ಮುರುಟಿದರೆ ಅಂಕಿ ತಪ್ಪು ಎಂದರ್ಥ. ಕೋಷ್ಟಕವನ್ನಲ್ಲ, ಪಟ್ಟಿಯನ್ನೇ ನಂಬಬೇಕು. 'ಫ್ರೀಶಿಪ್' ಎಂಬ ಪುಕ್ಕಟೆ ತಂತ್ರಾಂಶ ಈ ಕೆಲಸವನ್ನು ಪರದೆಯ ಮೇಲೆ ಮಾಡಿಕೊಡುತ್ತದೆ, ಆದರೂ ಕೊನೆಗೆ ಮೊಣಕಾಲೂರಿ ನೆಲದ ಮೇಲೆ ಕೂರುವುದು ತಪ್ಪುವುದಿಲ್ಲ.

ಹಾಗಾದರೆ ಕೋಲಿನ ದೋಣಿಗೆ ಕೋಷ್ಟಕ ಎಲ್ಲಿದೆ?

ಇದನ್ನು ಕೇಳಲು ನಾವು ಹೋದದ್ದು ಮಲೇಷ್ಯಾದ ಪೂರ್ವ ತೀರಕ್ಕೆ. ಕ್ವಾಲಾ ತೆರೆಂಗಾನು ನದಿಯ ಮುಖದಲ್ಲಿ ಪುಲಾವ್ ದುಯೊಂಗ್ ಎಂಬ ದ್ವೀಪವಿದೆ, ದೋಣಿ ಕಟ್ಟುವವರ ಹಳೆಯ ಊರು. ಅಲ್ಲಿಯ ಬಡಗಿಗಳು ಚೆಂಗಾಲ್ ಮರದ ಹಲಗೆಗಳನ್ನು ಮೊದಲು ಜೋಡಿಸುತ್ತಾರೆ, ಒಳಗಿನ ಪಕ್ಕೆಲುಬುಗಳನ್ನು ಆಮೇಲೆ ಇಡುತ್ತಾರೆ. ಪಾಶ್ಚಾತ್ಯರ ಕ್ರಮಕ್ಕೆ ಪೂರಾ ತಲೆಕೆಳಗು. ಹಲಗೆಯ ಅಂಚಿನಿಂದ ಅಂಚಿಗೆ ಮರದ ಗೂಟ, ನಡುವೆ ನೀರು ತಡೆಯಲು ಗೆಲಾಮ್ ಮರದ ತೊಗಟೆ. ನಕ್ಷೆ ಇಲ್ಲ. ಯುರೋಪಿನ ಹಾಯಿಗಾರರು ಇಲ್ಲಿ ದೋಣಿ ಕಟ್ಟಿಸಿಕೊಂಡು ಸಾಗರಗಳನ್ನು ದಾಟಿದ್ದಾರೆ, ಅವಕ್ಕೂ ನಕ್ಷೆ ಇರಲಿಲ್ಲ.

ವಯಸ್ಸಾದ ಬಡಗಿಯೊಬ್ಬರ ಕೈಗೆ ಅಜ್ಜನ ಕೋಲು ಕೊಟ್ಟೆವು. ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಗೀಟುಗಳನ್ನು ಸವರಿದರು. "ಇದರ ಜೋಡಿ ಎಲ್ಲಿ?" ಅಂದರು.

ಜೋಡಿ! ಅಲ್ಲಿಂದಲೇ ಗಂಗೊಳ್ಳಿಗೆ ಫೋನು ಹೋಯಿತು. ನಮ್ಮ ಗೆಳೆಯನ ಸೋದರತ್ತೆಗೆ ಎಂಬತ್ತು ದಾಟಿದೆ. ಇನ್ನೊಂದು ಉದ್ದದ ಕೋಲು ಇತ್ತು ಹೌದು, ಬಾವಿಕಟ್ಟೆಯ ಹತ್ತಿರ ಬಟ್ಟೆ ಒಣಗಿಸಲು ಕಟ್ಟಿದ್ದರು, ಮಳೆಗೆ ಕುಂಬಾಗಿ ಹೋಯಿತು ಅಂದರು. ಆಮೇಲೆ ಕೇಳದೆಯೇ ಹೇಳಿದರು, ಅಜ್ಜ ಹೆಚ್ಚಾಗಿ ಕಟ್ಟುತ್ತಿದ್ದದ್ದು ರಂಪಣಿ ದೋಣಿ. ಹಲಗೆಗೆ ಮೊಳೆ ಹೊಡೆಯುತ್ತಿರಲಿಲ್ಲ, ತೂತು ಕೊರೆದು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಒಳಗೊಬ್ಬ, ಹೊರಗೊಬ್ಬ ಕೂತು ಹಗ್ಗ ಎಳೆಯುವುದು. ಸಂದಿಗೆ ನಾರು, ಮೇಲೆ ರಾಳ, ಬೂತಾಯಿ ಮೀನಿನ ಎಣ್ಣೆ. ಆ ವಾಸನೆ ಈಗಲೂ ಮೂಗಿನಲ್ಲಿದೆ ಎಂದರು.

ಹೊಲಿದ ದೋಣಿ ನಮ್ಮ ಕರಾವಳಿಗೆ ಹೊಸದಲ್ಲ. 14ನೆಯ ಶತಮಾನದಲ್ಲಿ ಹೊನ್ನಾವರದಲ್ಲಿ ಇದ್ದು ಹೋದ ಇಬ್ನ್ ಬತೂತ, ಭಾರತ ಮತ್ತು ಯೆಮೆನ್‌ಗಳ ಹಡಗುಗಳನ್ನು ತೆಂಗಿನ ನಾರಿನಿಂದ ಹೊಲಿಯುವುದನ್ನು ಬರೆದಿದ್ದಾನೆ. ಮೊಳೆ ಹೊಡೆದದ್ದು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬ ಕಾರಣವನ್ನೂ ಕೊಡುತ್ತಾನೆ. ತಮಾಷೆಯೆಂದರೆ, 1962ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಎಂಬಿಬ್ಬರು ರೂಪಿಸಿದ 'ಮಿರರ್' ದೋಣಿಯೂ ಹೊಲಿದದ್ದೇ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ, ರಾಳ. ದಿನಪತ್ರಿಕೆಯೊಂದು ಬೆನ್ನಿಗೆ ನಿಂತು ಹಂಚಿದ ಆ ದೋಣಿ 70 ಸಾವಿರದಷ್ಟು ನೀರಿಗಿಳಿದಿದೆ. ಅಜ್ಜನ ಕಸುಬೇ, ಆದರೆ ಅದಕ್ಕೆ ಕಾಗದವಿತ್ತು.

ಅಜ್ಜನಿಗೆ ಕಾಗದ ಯಾಕಿರಲಿಲ್ಲ? ಗುಟ್ಟು ಬಿಡಬಾರದೆಂದು ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮಗ ಪಕ್ಕದಲ್ಲೇ ಕೂತು ಹಗ್ಗ ಎಳೆಯುತ್ತಿರುವಾಗ ಬರೆದು ಯಾರಿಗೆ ಕೊಡಬೇಕು? 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲೇ ಸುತ್ತುವರಿದು ಎತ್ತತೊಡಗಿದವು. ಊರಿಗೆ ಊರೇ ನಿಂತು ದಡದಿಂದ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳು ಕೆಲವೇ ವರ್ಷಗಳಲ್ಲಿ ಮಡಚಿಕೊಂಡವು. ಬಲೆ ಹೋದಮೇಲೆ ದೋಣಿ ಯಾರಿಗೆ ಬೇಕು? ನಮ್ಮ ಗೆಳೆಯನ ತಂದೆ ಬೆಂಗಳೂರಿಗೆ ಹೋಗಿ ಗುಮಾಸ್ತರಾದರು. ಹಗ್ಗ ಎಳೆಯುವ ಮಗ ಇಲ್ಲದ ದಿನ ಆ ನಕ್ಷೆಯೂ ಇಲ್ಲವಾಯಿತು.

ಪೂರಾ ಇಲ್ಲವಾಗಲಿಲ್ಲ ಎಂಬುದಕ್ಕೆ ಒಂದು ಕಾಗದ ಸಿಕ್ಕಿತು. ಟ್ರಿಂಕಾಮಲಿಯ ಹಡಗುಕಟ್ಟೆಯಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಎಡಿ ಎಂಬುವರು ಕೋರಮಂಡಲ, ಮಲಬಾರ್, ಸಿಂಹಳಗಳ ದೋಣಿಗಳ ಮೇಲೆ ಬರೆದ ಲೇಖನ 1834ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು, ಚಿತ್ರಗಳ ಸಮೇತ. ಅದರಲ್ಲಿ ಮಂಗಳೂರಿನ 'ಮಂಚೆ' ಇದೆ, ನಮ್ಮ 'ಮಂಜಿ'ಯೇ ಇರಬೇಕು. 25ರಿಂದ 35 ಅಡಿ ಉದ್ದ, ಆಳವಿಲ್ಲದ ನದಿಗೆ ತಕ್ಕ ಚಪ್ಪಟೆ ತಳ, ನಾರಿನ ಹೊಲಿಗೆ. ನಮಗೆ ಬೇಕಾದದ್ದು ಹಾಯಿ ಬಿಚ್ಚಿ ಪಾಂಗ್‌ಕೋರ್‌ಗೆ ಹೋಗುವ ದೋಣಿ. ಸಿಕ್ಕಿದ್ದು ಬಿದಿರುಗಳು ಊರಿ ತಳ್ಳುವ ಸರಕುದೋಣಿ! ಆದರೂ ಆ ರಾತ್ರಿ ಮೂವರೂ ಎಡಿಯವರ ಅಳತೆಗಳನ್ನು ಫ್ರೀಶಿಪ್‌ಗೆ ತುಂಬಿ, ಪಕ್ಕದಲ್ಲಿ ಕೋಲು ಇಟ್ಟುಕೊಂಡು ಎರಡು ಗಂಟೆಯವರೆಗೆ ಕೂತೆವು. ನಾಲ್ಕು ಗೀಟುಗಳು ಹಲಗೆಯ ಅಗಲಗಳಿಗೆ ಹೊಂದಿದವು. ಹನ್ನೊಂದು ಗೀಟುಗಳಲ್ಲಿ ನಾಲ್ಕು ಯಾವುದಕ್ಕೆ ಬೇಕಾದರೂ ಹೊಂದುತ್ತವೆ ಎಂದು ನಮ್ಮಲ್ಲಿ ಗಣಿತ ಬಲ್ಲವರು ಹೇಳಿದರು. ಅವರು ಸರಿಯೇ.

ಇಷ್ಟರಲ್ಲಿ ನಮ್ಮ ಕಾರವಾರದಿಂದಲೇ ಸುದ್ದಿ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹೊಲಿದ ಹಾಯಿಹಡಗನ್ನು ನೌಕಾಪಡೆ ಸೇರಿಸಿಕೊಂಡಿತು. ಹೆಸರು, ಸಾಗರ ದಾಟಿ ಈ ನಮ್ಮ ಆಗ್ನೇಯ ಏಷ್ಯಾಕ್ಕೆ ಬಂದನೆಂದು ಹೇಳುವ ನಾವಿಕನದು. ಹಾಯಿಯ ಮೇಲೆ ಗಂಡಭೇರುಂಡ. ನಕ್ಷೆ? ಇರಲಿಲ್ಲ. ಇದ್ದದ್ದು ಅಜಂತಾದ ಗೋಡೆಯ ಮೇಲಿನ 5ನೆಯ ಶತಮಾನದ ಒಂದು ಹಡಗಿನ ಚಿತ್ರ. ಅದರಿಂದ ಆಕಾರ ಊಹಿಸಿ, ಮದ್ರಾಸ್ ಐಐಟಿಯಲ್ಲಿ ಮಾದರಿಯನ್ನು ನೀರಿಗಿಟ್ಟು ಪರೀಕ್ಷಿಸಿ, ಗೋವಾದಲ್ಲಿ ಕಟ್ಟಿದರು. ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು 2026ರ ಜನವರಿ 14ರಂದು ಮಸ್ಕತ್ ಮುಟ್ಟಿತು.

ಸಂತೋಷಪಟ್ಟೆವು, ನಿಜ. ಸ್ವಲ್ಪ ಹೊಟ್ಟೆ ಉರಿಯಿತು ಎಂದರೂ ಸುಳ್ಳಲ್ಲ. ಐಐಟಿ, ನೌಕಾಪಡೆ, ಗುಹೆಯ ಚಿತ್ರ ಎಲ್ಲ ಕೂಡಿ ಹುಡುಕಬೇಕಾದ್ದನ್ನು, ಐವತ್ತು ವರ್ಷಗಳ ಹಿಂದೆ ಯಾರಾದರೂ ಒಂದು ನೋಟ್‌ಬುಕ್ ಹಿಡಿದು ಗಂಗೊಳ್ಳಿಗೋ ಮಲ್ಪೆಗೋ ಹೋಗಿ ಕೂತಿದ್ದರೆ ಅಷ್ಟೋ ಇಷ್ಟೋ ಬರೆದುಕೊಳ್ಳಬಹುದಿತ್ತು. ಸ್ಲೋಕಮ್ ತಮ್ಮ ದೋಣಿಯನ್ನು ದಡಕ್ಕೆತ್ತಿ ಅಳೆಸಿದ ಹಾಗೆ. ಅತ್ತೆಯನ್ನು ಈಗ ನಾವು ಭಾನುವಾರಕ್ಕೊಮ್ಮೆ ಫೋನಿನಲ್ಲಿ ಕೂರಿಸುತ್ತೇವೆ. ತೂತಿನಿಂದ ತೂತಿಗೆ ಎಷ್ಟು ಬೆರಳು ಎಂದು ಕೇಳಿದರೆ ತಮ್ಮ ಕೈ ನೋಡಿಕೊಂಡು "ನನ್ನ ಬೆರಳಲ್ಲ, ಅಪ್ಪನ ಬೆರಳು" ಅನ್ನುತ್ತಾರೆ. ಅದನ್ನೂ ಬರೆದುಕೊಂಡಿದ್ದೇವೆ.

ಸೀ ಬರ್ಡ್‌ನ ಮೊದಲ ಅಡ್ಡಕೊಯ್ತಗಳು ಕಾರು ನಿಲ್ಲಿಸುವ ಜಾಗದಲ್ಲಿ ಪ್ಲೈವುಡ್ ಮೇಲೆ ಬಿದ್ದಾಗಿದೆ. ಕಾರು ಈಗ ರಸ್ತೆಯಲ್ಲಿ ನಿಲ್ಲುತ್ತದೆ. ಮೂರನೆಯ ಕೊಯ್ತದ ಹತ್ತಿರ ಪಟ್ಟಿ ಸ್ವಲ್ಪ ಮುರುಟುತ್ತಿದೆ. ಮುಂದಿನ ಶನಿವಾರ ಮತ್ತೆ ಅಳೆಯಬೇಕು.